4294967297: ಹತ್ತು ಅಂಕಿಯ ಸಂಖ್ಯೆಯೊಂದನ್ನು ಕಾಗದ, ಪೆನ್ಸಿಲಿನಿಂದಲೇ ಒಡೆದು ನೋಡುವ ಬಗೆ

ಮೇಲುನೋಟಕ್ಕೆ 4294967297 ಎಂಬ ಸಂಖ್ಯೆಯಲ್ಲಿ ಕಣ್ಣು ನಿಲ್ಲುವಂಥದ್ದೇನೂ ಇಲ್ಲ. ನಮ್ಮ ರೂಢಿಯಂತೆ ಓದಿದರೆ ಅದು 429 ಕೋಟಿ 49 ಲಕ್ಷ 67 ಸಾವಿರದ 297. ಫ್ರಾನ್ಸಿನ ತುಲೂಸ್ ನಗರದ ನ್ಯಾಯಾಲಯದಲ್ಲಿ ಅಧಿಕಾರಿಯಾಗಿದ್ದುಕೊಂಡೇ ಗಣಿತದಲ್ಲಿ ಮುಳುಗಿರುತ್ತಿದ್ದ ಪಿಯೆರ್ ದ ಫರ್ಮಾ, ಇದು ಅವಿಭಾಜ್ಯ ಸಂಖ್ಯೆಯೆಂದು, ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆಯೆಂದು, 1640ರಲ್ಲಿ ನಂಬಿದ್ದ. ಆ ನಂಬಿಕೆ ತಪ್ಪೆಂದು ತೋರಿಸಿದವನು ಲಿಯೊನಾರ್ಡ್ ಆಯ್ಲರ್; ಅದು 1732ರಲ್ಲಿ, ಅವನ ಇಪ್ಪತ್ತೈದರ ಹರೆಯದಲ್ಲಿ. ಅಚ್ಚರಿಯ ಸಂಗತಿಯೆಂದರೆ ಆಯ್ಲರ್ ಬಳಸಿದ ಸಾಧನ ಫರ್ಮಾನದೇ ಆಗಿತ್ತು, ಮತ್ತು ಆ ಕೆಲಸವನ್ನು ಪ್ರೌಢಶಾಲೆಯ ಗಣಿತ ಬಲ್ಲ ಯಾರೇ ಆದರೂ ಇಂದು ಒಂದು ಸಂಜೆ ಕುಳಿತು ಪೂರ್ತಿಯಾಗಿ ಮಾಡಿ ಮುಗಿಸಬಹುದು. ಇಷ್ಟು ದೊಡ್ಡ ಸಂಖ್ಯೆಯ ವಿಷಯದಲ್ಲಿ ಯಾರ ಮಾತನ್ನೂ ನಂಬದೆ ಪ್ರತಿಯೊಂದನ್ನೂ ನಾವೇ ಪರೀಕ್ಷಿಸಲು ಸಾಧ್ಯವಾಗುವುದು ಅಪರೂಪ. ಈ ಸಂಖ್ಯೆಯ ಮೇಲೆ ನನಗಿರುವ ಪ್ರೀತಿಗೆ ಅದೇ ಕಾರಣ.

ಬೇಕಾಗುವುದು ಇಷ್ಟೇ: ಮೂರಂಕಿಯ ಸಂಖ್ಯೆಗಳನ್ನು ವರ್ಗ ಮಾಡುವ ಅಭ್ಯಾಸ, ಉದ್ದ ಭಾಗಾಕಾರ, ಕೆಲವು ಹಾಳೆ ಕಾಗದ. ಮೊಬೈಲಿನ ಕ್ಯಾಲ್ಕುಲೇಟರ್ ಬಳಸುವುದು ತಪ್ಪಲ್ಲ. ಆದರೆ ಶೇಷಗಳನ್ನು ಕೈಯಲ್ಲೇ ಕಂಡುಹಿಡಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಈ ಸಂಖ್ಯೆಯ ಸ್ವಾರಸ್ಯವೆಲ್ಲ ಶೇಷಗಳಲ್ಲೇ ಇದೆ.

ಸಂಖ್ಯೆಯನ್ನು ಕಟ್ಟಿಕೊಳ್ಳುವುದು

2ರಿಂದ ಆರಂಭಿಸಿ, ಬಂದ ಉತ್ತರವನ್ನು ಮತ್ತೆ ಮತ್ತೆ ವರ್ಗ ಮಾಡುತ್ತ ಹೋಗಿ: 2, 4, 16, 256, 65536, 4294967296. ಕೊನೆಯ ವರ್ಗವನ್ನು ಕೈಯಲ್ಲಿ ಮಾಡುವುದಾದರೆ 65536ನ್ನು 65000 ಮತ್ತು 536 ಎಂದು ಎರಡಾಗಿ ಬಿಡಿಸಿಕೊಳ್ಳಿ. ಆಗ 65000ದ ವರ್ಗ 4225000000, ಎರಡರ ಗುಣಲಬ್ಧದ ಇಮ್ಮಡಿ 69680000, 536ರ ವರ್ಗ 287296. ಮೂರನ್ನೂ ಕೂಡಿದರೆ 4294967296 ಬರುತ್ತದೆ. ಇದು 2ನ್ನು 32 ಬಾರಿ ಗುಣಿಸಿದಾಗ ಸಿಗುವ ಸಂಖ್ಯೆ, ಅಂದರೆ 2³². ಇದಕ್ಕೆ 1 ಕೂಡಿಸಿದರೆ ನಮ್ಮ ಸಂಖ್ಯೆ.

ಈ ಸಾಲಿನ ಪ್ರತಿಯೊಂದು ಸಂಖ್ಯೆಗೂ 1 ಕೂಡಿಸಿ ನೋಡಿ: 3, 5, 17, 257, 65537, 4294967297. ಮೊದಲ ಐದೂ ಅವಿಭಾಜ್ಯ ಸಂಖ್ಯೆಗಳು. ಐದು ಉದಾಹರಣೆಗಳು ಒಂದೇ ಬಗೆಯಲ್ಲಿ ನಡೆದುಕೊಂಡಾಗ ಆರನೆಯದೂ ಹಾಗೆಯೇ ಇದ್ದೀತೆಂದು ಅನ್ನಿಸುವುದು ಸಹಜ. ಫರ್ಮಾ ತನ್ನ ಬಳಿ ಸಾಧನೆಯಿಲ್ಲವೆಂದು ಒಪ್ಪಿಕೊಂಡೇ ಈ ಸಾಲಿನ ಎಲ್ಲ ಸಂಖ್ಯೆಗಳೂ ಅವಿಭಾಜ್ಯಗಳೆಂಬ ತನ್ನ ಅನಿಸಿಕೆಯನ್ನು ಪತ್ರದಲ್ಲಿ ಬರೆದಿದ್ದ. ಇಂದು ಇವುಗಳಿಗೆ ಫರ್ಮಾ ಸಂಖ್ಯೆಗಳೆಂದೇ ಹೆಸರು.

ಸುಲಭದ ಪರೀಕ್ಷೆಗಳನ್ನು ಮುಗಿಸಿಬಿಡುವುದು

ಮೊದಲು ಶಾಲೆಯಲ್ಲಿ ಕಲಿತ ಪರೀಕ್ಷೆಗಳನ್ನು ಮಾಡಿ. ಸಂಖ್ಯೆ ಬೆಸವಾದ್ದರಿಂದ 2 ಹೋಯಿತು. ಅಂಕಿಗಳ ಮೊತ್ತ 59. ಅದು 3ರಿಂದ ಭಾಗವಾಗುವುದಿಲ್ಲ. ಕೊನೆಯ ಅಂಕಿ 7, ಆದ್ದರಿಂದ 5 ಇಲ್ಲ. 7, 11, 13 ಈ ಮೂರನ್ನೂ ಒಂದೇ ಏಟಿಗೆ ನೋಡಲು ಒಂದು ಒಳ್ಳೆಯ ಉಪಾಯವಿದೆ. ಅವುಗಳ ಗುಣಲಬ್ಧ 1001 ಆದ್ದರಿಂದ, ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳ ಗುಂಪುಗಳಾಗಿ ಬಿಡಿಸಿ, ಒಂದನ್ನು ಕೂಡಿ ಮುಂದಿನದನ್ನು ಕಳೆಯುತ್ತ ಹೋದರೆ ಸಾಕು: 297 − 967 + 294 − 4 = −380. 380 ಎಂಬುದು 7ರಿಂದಾಗಲಿ 11ರಿಂದಾಗಲಿ 13ರಿಂದಾಗಲಿ ಭಾಗವಾಗದ ಕಾರಣ ನಮ್ಮ ಸಂಖ್ಯೆಯೂ ಭಾಗವಾಗುವುದಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. 3ರಿಂದ ಭಾಗಿಸಿದಾಗ ಉಳಿದದ್ದು 2, 5ರಿಂದ ಭಾಗಿಸಿದಾಗಲೂ ಉಳಿದದ್ದು 2. ಇನ್ನು 17ರಿಂದ, 257ರಿಂದ, 65537ರಿಂದ ಭಾಗಿಸಿ ನೋಡಿದರೂ 2 ತಾನೇ ಉಳಿಯುತ್ತದೆ. ಕಾರಣ ಸರಳ. 4294967295 ಎಂದರೆ 65536² − 1, ಅಂದರೆ 65535 × 65537. ಅದೇ ರೀತಿ 65535 = 255 × 257, 255 = 15 × 17, 15 = 3 × 5. ಹೀಗೆ ನಮ್ಮ ಸಂಖ್ಯೆಯಿಂದ 2 ಕಳೆದರೆ ಹಿಂದಿನ ಐದೂ ಫರ್ಮಾ ಸಂಖ್ಯೆಗಳ ಗುಣಲಬ್ಧ ಸರಿಯಾಗಿ ಸಿಗುತ್ತದೆ. ಆದ್ದರಿಂದ ಆ ಐದರಲ್ಲಿ ಯಾವುದೂ ಇದರ ಭಾಜಕವಾಗುವ ಪ್ರಶ್ನೆಯೇ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯಾವ ಭಾಜಕವನ್ನು ಹುಡುಕಬೇಕೆಂದು ಮೊದಲೇ ತಿಳಿಯುವುದು

ಇಡೀ ಕೆಲಸದ ತಿರುಳು ಈ ಹಂತದಲ್ಲಿದೆ. ಆತುರಪಡದೆ ಓದಬೇಕೆಂದು ಕೋರುತ್ತೇನೆ.

ಸಂಖ್ಯೆಯೊಂದು ಅವಿಭಾಜ್ಯವೇ ಎಂದು ತಿಳಿಯಲು ಅದರ ವರ್ಗಮೂಲದವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕಾಗುತ್ತದೆ. ಇದರ ವರ್ಗಮೂಲ 65536ಕ್ಕಿಂತ ಕೂದಲೆಳೆಯಷ್ಟು ಹೆಚ್ಚು, ಮತ್ತು ಅಲ್ಲಿಯವರೆಗೆ 6542 ಅವಿಭಾಜ್ಯ ಸಂಖ್ಯೆಗಳಿವೆ. ಕುರುಡಾಗಿ ಭಾಗಿಸುತ್ತ ಹೋಗುವುದು ಮನುಷ್ಯಮಾತ್ರರ ಕೆಲಸವಲ್ಲ. ಬದಲಾಗಿ, ಭಾಜಕವೊಂದು ಇರುವುದೇ ಆದರೆ ಅದು ಎಂಥದ್ದಾಗಿರಬೇಕು ಎಂದು ಕೇಳೋಣ.

ಮೊದಲು ಸಣ್ಣ ಉದಾಹರಣೆ. 2ರ ಘಾತಗಳನ್ನು 17ರಿಂದ ಭಾಗಿಸಿ ಶೇಷಗಳನ್ನು ಸಾಲಾಗಿ ಬರೆಯಿರಿ: 1, 2, 4, 8, 16, 15, 13, 9, ಮತ್ತೆ 1. ಗಡಿಯಾರದ ಮುಳ್ಳಿನಂತೆ ಶೇಷಗಳು ಸುತ್ತು ಹಾಕಿ ಎಂಟು ಹೆಜ್ಜೆಗೆ ಹೊರಟಲ್ಲಿಗೇ ಬರುತ್ತವೆ. ಸರಿಯಾಗಿ ಅರ್ಧದಾರಿಯಲ್ಲಿ, ನಾಲ್ಕನೆಯ ಹೆಜ್ಜೆಗೆ, ಶೇಷ 16. ಅಂದರೆ 17ಕ್ಕೆ 1 ಕಡಿಮೆ. ಇದನ್ನು −1 ಎಂದು ಬರೆಯುವುದು ಅನುಕೂಲ. ಈಗ ಫರ್ಮಾನೇ 1640ರಲ್ಲಿ ಮತ್ತೊಂದು ಪತ್ರದಲ್ಲಿ ತಿಳಿಸಿದ ನಿಯಮ ನೋಡಿ: ಯಾವುದೇ ಬೆಸ ಅವಿಭಾಜ್ಯವನ್ನು ತೆಗೆದುಕೊಂಡರೂ ಅದಕ್ಕಿಂತ ಒಂದು ಕಡಿಮೆಯಷ್ಟು ಹೆಜ್ಜೆ ನಡೆದಾಗ ಶೇಷ 1 ಆಗಿಯೇ ಇರುತ್ತದೆ. 17ರ ವಿಷಯದಲ್ಲಿ 16 ಹೆಜ್ಜೆ. ಸುತ್ತಿನ ಉದ್ದ 8 ಆದ್ದರಿಂದ ಅಷ್ಟರಲ್ಲಿ ಎರಡು ಸುತ್ತು ಮುಗಿದಿರುತ್ತದೆ. ಸುತ್ತಿನ ಉದ್ದ ಯಾವಾಗಲೂ ಅವಿಭಾಜ್ಯಕ್ಕಿಂತ ಒಂದು ಕಡಿಮೆಯಾದ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸಲೇಬೇಕು.

ಈಗ ನಮ್ಮ ಸಂಖ್ಯೆಗೆ ಬನ್ನಿ. ಅವಿಭಾಜ್ಯವೊಂದು 2³² + 1ನ್ನು ಭಾಗಿಸುತ್ತದೆ ಎಂದಿಟ್ಟುಕೊಳ್ಳಿ. ಆಗ ಆ ಅವಿಭಾಜ್ಯದ ಸುತ್ತಿನಲ್ಲಿ 32ನೆಯ ಹೆಜ್ಜೆಗೆ ಶೇಷ −1, ಆದ್ದರಿಂದ 64ನೆಯ ಹೆಜ್ಜೆಗೆ ಶೇಷ 1. ಸುತ್ತಿನ ಉದ್ದ 64ನ್ನು ಭಾಗಿಸಬೇಕು, ಆದರೆ 32ನ್ನು ಭಾಗಿಸಬಾರದು. ಅಂಥ ಸಂಖ್ಯೆ 64 ಒಂದೇ. ಹಾಗಾದರೆ ಹುಡುಕಬೇಕಾದ ಅವಿಭಾಜ್ಯದಿಂದ 1 ಕಳೆದರೆ ಉಳಿಯುವುದು 64ರ ಅಪವರ್ತ್ಯವಾಗಿರಲೇಬೇಕು.

64ರ ಮಗ್ಗಿ ಬರೆದು ಪ್ರತಿಯೊಂದಕ್ಕೂ 1 ಕೂಡಿಸಿ: 65, 129, 193, 257, 321, 385, 449, 513, 577, 641. ಇವುಗಳಲ್ಲಿ ಅವಿಭಾಜ್ಯಗಳು 193, 257, 449, 577, 641 ಮಾತ್ರ. ಹುಡುಕಾಟ ಎಷ್ಟು ಕಿರಿದಾಯಿತೆಂದು ಯೋಚಿಸಿ: 641 ಎಂಬುದು ಅವಿಭಾಜ್ಯಗಳ ಸಾಲಿನಲ್ಲಿ 116ನೆಯದು, ನಮ್ಮ ಪಟ್ಟಿಯಲ್ಲಿ ಐದನೆಯದು.

ಪೂರ್ತಿ ಭಾಗಿಸದೆಯೇ ಶೇಷ ಕಂಡುಹಿಡಿಯುವುದು

ಹತ್ತಂಕಿಯ ಸಂಖ್ಯೆಯನ್ನು ಪ್ರತಿಸಲವೂ ಉದ್ದಕ್ಕೆ ಭಾಗಿಸಬೇಕಾಗಿಲ್ಲ. ಸಂಖ್ಯೆಯನ್ನು ಕಟ್ಟಿದ ದಾರಿಯಲ್ಲೇ ನಡೆದು, ಪ್ರತಿ ವರ್ಗದ ನಂತರ ಶೇಷವನ್ನಷ್ಟೇ ಉಳಿಸಿಕೊಂಡು ಮುಂದುವರಿಯಿರಿ. ಶೇಷ ದೊಡ್ಡದಾದರೆ ಎಷ್ಟು ಕಡಿಮೆ ಬಿತ್ತೆಂದು ಋಣಚಿಹ್ನೆ ಹಾಕಿ ಬರೆದುಕೊಳ್ಳಿ, ಕೆಲಸ ಹಗುರವಾಗುತ್ತದೆ.

193ರಿಂದ ಆರಂಭಿಸೋಣ. 256ನ್ನು ಭಾಗಿಸಿದರೆ ಉಳಿಯುವುದು 63. ಅದರ ವರ್ಗ 3969; 193 × 20 = 3860ನ್ನು ಕಳೆದರೆ 109. ಇದು 65536ರ ಶೇಷ. ಮತ್ತೆ ವರ್ಗ ಮಾಡಿದರೆ 11881; 193 × 61 = 11773 ಕಳೆದರೆ 108. ಇದು 2³²ರ ಶೇಷ. ಒಂದು ಕೂಡಿಸಿದರೆ 109, ಸೊನ್ನೆಯಲ್ಲ. 193 ಭಾಜಕವಲ್ಲ.

257 ಹಿಂದಿನ ಫರ್ಮಾ ಸಂಖ್ಯೆಗಳಲ್ಲೊಂದು, ಶೇಷ 2 ಎಂದು ಆಗಲೇ ಗೊತ್ತಿದೆ. 449ಕ್ಕೆ 65536ರ ಶೇಷ 431, ಅಂದರೆ −18. ವರ್ಗ 324, ಒಂದು ಕೂಡಿಸಿದರೆ 325. ಇದೂ ಅಲ್ಲ. 577ಕ್ಕೆ 65536ರ ಶೇಷ 335; ಅದರ ವರ್ಗ 112225ರಿಂದ 577 × 194 = 111938 ಕಳೆದರೆ 287; ಒಂದು ಕೂಡಿಸಿದರೆ 288. ಅದೂ ಅಲ್ಲ.

641ಕ್ಕೆ ಬನ್ನಿ. 641 × 102 = 65382, ಆದ್ದರಿಂದ 65536ರ ಶೇಷ 154. ಅದರ ವರ್ಗ 23716. ಈಗ 641ನ್ನು 37ರಿಂದ ಗುಣಿಸಿ: 23717. ಒಂದೇ ಒಂದು ಕಡಿಮೆ! ಶೇಷ −1, ಒಂದು ಕೂಡಿಸಿದರೆ ಸೊನ್ನೆ. 23716 ಮತ್ತು 23717 ಎಂಬ ಎರಡು ಸಂಖ್ಯೆಗಳನ್ನು ಕಾಗದದ ಮೇಲೆ ಒಂದರ ಕೆಳಗೊಂದು ನಿಮ್ಮ ಕೈಯಿಂದಲೇ ಬರೆದು ನೋಡಬೇಕೆಂದು ಹೇಳುತ್ತೇನೆ. ತೊಂಬತ್ತೆರಡು ವರ್ಷ ನಿಂತಿದ್ದ ಊಹೆ ಕುಸಿದು ಬಿದ್ದದ್ದು ಆ ಒಂದರ ಅಂತರದಲ್ಲಿ.

ಇನ್ನು ಉದ್ದ ಭಾಗಾಕಾರವನ್ನು ಧೈರ್ಯವಾಗಿ ಮಾಡಬಹುದು. ಭಾಗಲಬ್ಧ 6700417. ತಾಳೆ ನೋಡಲು 6700417ನ್ನು 600ರಿಂದ ಗುಣಿಸಿ (4020250200), ನಂತರ 41ರಿಂದ ಗುಣಿಸಿ (274717097), ಎರಡನ್ನೂ ಕೂಡಿ: 4294967297.

1729ರ ಡಿಸೆಂಬರ್ 1ರಂದು ಕ್ರಿಸ್ಟಿಯನ್ ಗೋಲ್ಡ್‌ಬಾಖ್ ಬರೆದ ಪತ್ರ ಫರ್ಮಾನ ಊಹೆಯತ್ತ ಆಯ್ಲರನ ಗಮನ ಸೆಳೆಯಿತು. ಆಗ ಆಯ್ಲರ್ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ಅಕಾಡೆಮಿಯಲ್ಲಿದ್ದ. ಫರ್ಮಾ ಮಾತ್ರ ಇದನ್ನು ಹೇಗೆ ತಪ್ಪಿಸಿಕೊಂಡನೆಂಬುದು ನನಗೆ ನಿಜವಾಗಿ ಕಾಡುವ ಪ್ರಶ್ನೆ. 1640ರಲ್ಲೇ ಇದೇ ಬಗೆಯ ವಿಚಾರದಿಂದ ಅವನು 2³⁷ − 1ಕ್ಕೆ 223 ಎಂಬ ಭಾಜಕವನ್ನು ಕಂಡುಹಿಡಿದಿದ್ದ. 641 ಅವನ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು.

ಹುಡುಕಾಟವನ್ನು ಇನ್ನೂ ಕಿರಿದುಗೊಳಿಸುವುದು

1878ರಲ್ಲಿ ಎದ್ವಾರ್ ಲ್ಯೂಕಾ ತೋರಿಸಿದ ಪ್ರಕಾರ ಭಾಜಕದಿಂದ 1 ಕಳೆದಾಗ ಉಳಿಯುವುದು 64ರ ಮಾತ್ರವಲ್ಲ, 128ರ ಅಪವರ್ತ್ಯವೂ ಆಗಿರಬೇಕು. ಇದನ್ನೂ ನಾವೇ ಕಾಣಬಹುದು. 256 × 65535 = 16776960 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳಿ. ಅದರ ವರ್ಗ 65536 × 65535². ಇದರಲ್ಲಿ 65535² ಎಂಬುದು ನಮ್ಮ ಸಂಖ್ಯೆಗಿಂತ ಸರಿಯಾಗಿ 131072, ಅಂದರೆ 2¹⁷, ಕಡಿಮೆ. ಆದ್ದರಿಂದ ಶೇಷದ ಲೆಕ್ಕದಲ್ಲಿ ಇಡೀ ವರ್ಗ 2¹⁶ × (−2¹⁷), ಅಂದರೆ −2³³ ಆಗುತ್ತದೆ. 2³² ಇಲ್ಲಿ −1 ಆಗಿರುವುದರಿಂದ ಕೊನೆಗೆ ಉಳಿಯುವುದು 2. ಹೀಗೆ 16776960 ಎಂಬುದು ಇಲ್ಲಿ 2ರ ವರ್ಗಮೂಲದಂತೆ ವರ್ತಿಸುತ್ತದೆ. ಅದರ ಎರಡು ಹೆಜ್ಜೆ 2ರ ಒಂದು ಹೆಜ್ಜೆಗೆ ಸಮವಾದ್ದರಿಂದ ಅದರ ಸುತ್ತಿನ ಉದ್ದ 128.

ಈಗ ಪಟ್ಟಿ ಹೀಗಾಗುತ್ತದೆ: 129, 257, 385, 513, 641. ಅವಿಭಾಜ್ಯಗಳು 257 ಮತ್ತು 641. 257ನ್ನು ಹಿಂದೆಯೇ ಕೈಬಿಟ್ಟಿದ್ದೇವೆ. ಉಳಿದ ಮೊದಲನೆಯದೇ ಉತ್ತರ.

641ನ್ನು ಇನ್ನೊಂದು ದಾರಿಯಿಂದ ನೋಡುವುದು

ಲೆಕ್ಕವೇ ಇಲ್ಲದೆ ಕೇವಲ ನೋಟದಿಂದ ಇದನ್ನು ಸಾಧಿಸುವ ದಾರಿಯೂ ಇದೆ, ಅದು ಬಹಳ ಸುಂದರವಾಗಿದೆ. 641ನ್ನು ಎರಡು ಬಗೆಯಲ್ಲಿ ಬರೆಯಬಹುದು: 5 × 2⁷ + 1, ಮತ್ತು 5⁴ + 2⁴, ಅಂದರೆ 625 + 16. ಮೊದಲನೆಯದರ ಪ್ರಕಾರ 641ರ ಲೆಕ್ಕದಲ್ಲಿ 5 × 2⁷ ಎಂಬುದು −1. ಅದನ್ನು ನಾಲ್ಕನೆಯ ಘಾತಕ್ಕೆ ಏರಿಸಿದರೆ 5⁴ × 2²⁸ = 1. ಎರಡನೆಯದರ ಪ್ರಕಾರ 5⁴ ಎಂಬುದು −2⁴. ಅದನ್ನು ಅಲ್ಲಿ ಇಟ್ಟರೆ −2³² = 1, ಅಂದರೆ 2³² + 1ರ ಶೇಷ ಸೊನ್ನೆ.

6700417 ಒಡೆಯುತ್ತದೆಯೇ?

ಕೆಲಸ ಇನ್ನೂ ಮುಗಿದಿಲ್ಲ. ಎರಡನೆಯ ತುಂಡು ಅವಿಭಾಜ್ಯವೇ ಎಂದು ನೋಡಬೇಕು. ಅದರ ವರ್ಗಮೂಲ 2588 ಮತ್ತು 2589ರ ನಡುವೆ ಇದೆ. ಅದನ್ನು ಭಾಗಿಸುವ ಅವಿಭಾಜ್ಯ ಮೂಲ ಸಂಖ್ಯೆಯನ್ನೂ ಭಾಗಿಸುವುದರಿಂದ, 128ರ ಮಗ್ಗಿಗೆ 1 ಕೂಡಿಸಿದ ಸಂಖ್ಯೆಗಳಷ್ಟೇ ಸಾಕು. 129ರಿಂದ 2561ರವರೆಗೆ ಅಂಥವು ಇಪ್ಪತ್ತು. ಅವುಗಳಲ್ಲಿ ಹೆಚ್ಚಿನವು ಬೇಗನೆ ಉದುರುತ್ತವೆ; 1537 = 29 × 53, 1793 = 11 × 163, 1921 = 17 × 113, 2561 = 13 × 197 ಇವು ಮಾತ್ರ ಸ್ವಲ್ಪ ಮೋಸಗೊಳಿಸಬಹುದು. ಉಳಿಯುವ ಅವಿಭಾಜ್ಯಗಳು 257, 641, 769, 1153, 1409. 257 ಬೇಡ. ಉಳಿದ ನಾಲ್ಕರಿಂದ 6700417ನ್ನು ಭಾಗಿಸಿದರೆ ಶೇಷಗಳು ಕ್ರಮವಾಗಿ 44, 120, 334, 622. ಒಂದೂ ಸೊನ್ನೆಯಲ್ಲ. ಅರವತ್ತೇಳು ಲಕ್ಷಕ್ಕೂ ಮೀರಿದ ಸಂಖ್ಯೆಯೊಂದು ಅವಿಭಾಜ್ಯವೆಂದು ನಾಲ್ಕೇ ಭಾಗಾಕಾರಗಳಿಂದ ಸಿದ್ಧವಾಯಿತು.

ಅಮೆರಿಕದ ವರ್ಮಾಂಟಿನ ಬಾಲಕ ಜೆರಾ ಕೋಲ್ಬರ್ನ್ ಎಂಟು ವರ್ಷದ ಆಸುಪಾಸಿನಲ್ಲಿ ಲಂಡನ್ನಿಗೆ ಬಂದಿದ್ದಾಗ ಇದೇ ಸಂಖ್ಯೆಯನ್ನು ಬಾಯಿಲೆಕ್ಕದಲ್ಲೇ ಒಡೆದು 641 ಮತ್ತು 6700417 ಎಂದು ಹೇಳಿದ್ದ. ನಮಗೆ ಕಾಗದ ಇರಲಿ.

ಎರಡು ವರ್ಗಗಳ ಮೊತ್ತವಾಗಿ, ಎರಡು ಬಗೆಯಲ್ಲಿ

ನನ್ನ ಮಟ್ಟಿಗೆ ಈ ಸಂಖ್ಯೆಯ ಅತ್ಯಂತ ಚೆಲುವಾದ ಗುಣ ಇದು. 65536² + 1² ಎಂದು ಬರೆದರೆ ಅದು ಎರಡು ವರ್ಗಗಳ ಮೊತ್ತವೆಂದು ತಾನಾಗಿಯೇ ಕಾಣುತ್ತದೆ. ಆದರೆ ಇನ್ನೊಂದು ಜೋಡಿಯೂ ಇದೆ: 62264² + 20449². ಮೊದಲನೆಯದರ ವರ್ಗ 3876805696, ಎರಡನೆಯದರ ವರ್ಗ 418161601, ಕೂಡಿ ನೋಡಿ. ಅವಿಭಾಜ್ಯ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಸಾಧ್ಯವಾದರೆ ಅದು ಒಂದೇ ಬಗೆಯಲ್ಲಿ ಸಾಧ್ಯ. ಎರಡನೆಯ ಜೋಡಿ ಸಿಕ್ಕಿತೆಂದರೆ ಸಂಖ್ಯೆ ಒಡೆಯುತ್ತದೆಂದೇ ಅರ್ಥ. ಭಾಜಕ ಯಾವುದೆಂದು ತಿಳಿಯದಿದ್ದರೂ ಅಷ್ಟು ಖಚಿತ.

ಈ ನಾಲ್ಕು ಸಂಖ್ಯೆಗಳಿಂದ ಭಾಜಕಗಳನ್ನು ಹೊರತೆಗೆಯುವುದೂ ಕಷ್ಟವಲ್ಲ. 65536ರಿಂದ 62264 ಕಳೆಯಿರಿ: 3272. 20449ರಿಂದ 1 ಕಳೆಯಿರಿ: 20448. ಇವೆರಡರ ಮಹತ್ತಮ ಸಾಮಾನ್ಯ ಅಪವರ್ತನ 8. ಅದರಿಂದ ಭಾಗಿಸಿದರೆ 409 ಮತ್ತು 2556. ಅವುಗಳ ವರ್ಗಗಳನ್ನು ಕೂಡಿದರೆ 167281 + 6533136 = 6700417. ಇನ್ನು 65536 ಮತ್ತು 62264ನ್ನು ಕೂಡಿ: 127800. ಇದನ್ನೂ 20448ನ್ನೂ 2556 × 2, ಅಂದರೆ 5112 ನಿಶ್ಶೇಷವಾಗಿ ಭಾಗಿಸುತ್ತದೆ; ಭಾಗಲಬ್ಧಗಳು 25 ಮತ್ತು 4. 25² + 4² = 641. ಎರಡೂ ತುಂಡುಗಳು ಕೈಗೆ ಬಂದವು.

ಇದರ ಹಿಂದಿರುವ ನಿತ್ಯಸಮೀಕರಣವನ್ನು ಇಂದು ಬ್ರಹ್ಮಗುಪ್ತನ ಹೆಸರಿನಿಂದ ಕರೆಯುತ್ತಾರೆ. ಎರಡು ವರ್ಗಗಳ ಮೊತ್ತದ ರೂಪ ಗ್ರೀಕ್ ಗಣಿತಜ್ಞ ಡಯೋಫ್ಯಾಂಟಸನಿಗೂ ತಿಳಿದಿತ್ತು. ಅದಕ್ಕಿಂತ ವ್ಯಾಪಕವಾದ ರೂಪವನ್ನು ಬ್ರಹ್ಮಗುಪ್ತ ಕ್ರಿ.ಶ. 628ರ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಕೊಟ್ಟ. ಅದರಂತೆ (ಅ² + ಬ²) × (ಕ² + ಡ²) ಎಂಬ ಗುಣಲಬ್ಧವನ್ನು (ಅಡ + ಬಕ)² + (ಅಕ − ಬಡ)² ಎಂದೂ (ಅಡ − ಬಕ)² + (ಅಕ + ಬಡ)² ಎಂದೂ ಬರೆಯಬಹುದು. ಅ, ಬ, ಕ, ಡ ಇರುವಲ್ಲಿ 25, 4, 409, 2556ನ್ನು ಇಡಿ. 25 × 2556 = 63900, 4 × 409 = 1636; ಕೂಡಿದರೆ 65536, ಕಳೆದರೆ 62264. 25 × 409 = 10225, 4 × 2556 = 10224; ಕೂಡಿದರೆ 20449, ಕಳೆದರೆ 1. ಆ ಕೊನೆಯ ವ್ಯವಕಲನದಲ್ಲಿ ಸ್ವಲ್ಪ ಹೊತ್ತು ನಿಲ್ಲಿ. 10225 ಮತ್ತು 10224 ಹೀಗೆ ಅಕ್ಕಪಕ್ಕದಲ್ಲಿ ಬಂದು ನಿಂತದ್ದರಿಂದಲೇ 641 ಮತ್ತು 6700417ರ ಗುಣಲಬ್ಧ ಪೂರ್ಣವರ್ಗವೊಂದಕ್ಕೆ 1 ಮಾತ್ರ ಕೂಡಿಸಿದಂತೆ ಆಯಿತು.

ಅವಿಭಾಜ್ಯದಂತೆ ನಟಿಸುವ ಗುಣ

ಫರ್ಮಾನ ನಿಯಮವನ್ನು ತಿರುಗಿಸಿ ಪರೀಕ್ಷೆಯಾಗಿ ಬಳಸುವುದು ರೂಢಿ: ಸಂಖ್ಯೆಗಿಂತ ಒಂದು ಕಡಿಮೆಯಷ್ಟು ಹೆಜ್ಜೆ ನಡೆದಾಗ 2ರ ಘಾತದ ಶೇಷ 1 ಬರದಿದ್ದರೆ ಸಂಖ್ಯೆ ಅವಿಭಾಜ್ಯವಲ್ಲ. ನಮ್ಮ ಸಂಖ್ಯೆಗೆ ಹೆಜ್ಜೆಗಳು 4294967296, ಅಂದರೆ 64ರ 67108864 ಪಟ್ಟು. ಪ್ರತಿ 64 ಹೆಜ್ಜೆಗೆ ಶೇಷ 1ಕ್ಕೆ ಮರಳುವುದರಿಂದ ಕೊನೆಯಲ್ಲೂ 1 ಬರುತ್ತದೆ. ಒಡೆಯುವ ಸಂಖ್ಯೆಯಾದರೂ ಅದು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ಇಂಥವನ್ನು ಹುಸಿ ಅವಿಭಾಜ್ಯಗಳೆನ್ನುತ್ತಾರೆ. ಆದ್ದರಿಂದ ಈ ಪರೀಕ್ಷೆಯೊಂದನ್ನೇ ನೆಚ್ಚಿಕೊಳ್ಳಬೇಡಿ.

2ರ ಬದಲು 3ನ್ನು ಬಳಸಿದರೆ ಗುಟ್ಟು ರಟ್ಟಾಗುತ್ತದೆ. 1877ರಲ್ಲಿ ಪೆಪಾಂ ಕೊಟ್ಟ ಪರೀಕ್ಷೆಯಂತೆ, 3ರಿಂದ ಆರಂಭಿಸಿ 31 ಬಾರಿ ವರ್ಗ ಮಾಡುತ್ತ ಶೇಷ ಉಳಿಸಿಕೊಂಡರೆ, ಸಂಖ್ಯೆ ಅವಿಭಾಜ್ಯವಾಗಿದ್ದ ಪಕ್ಷದಲ್ಲಿ ಕೊನೆಗೆ −1 ಬರಬೇಕು. ಬರುವುದು 10324303. ಹತ್ತಂಕಿಯ ವರ್ಗಗಳು ಕೈಗೆ ಭಾರ, ಇದನ್ನು ಕಂಪ್ಯೂಟರಿಗೆ ಬಿಡಬಹುದು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಾಲು ಸಾಕು.

ಕಂಪ್ಯೂಟರಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. 32 ಬಿಟ್‌ಗಳಲ್ಲಿ, ಅಂದರೆ 0 ಅಥವಾ 1 ಮಾತ್ರ ಕೂರುವ 32 ಮನೆಗಳಲ್ಲಿ, ಹಿಡಿಸುವ ಅತಿದೊಡ್ಡ ಪೂರ್ಣಸಂಖ್ಯೆ 4294967295, ಮತ್ತು ಹಳೆಯ ಇಂಟರ್ನೆಟ್ ವಿಳಾಸ ಪದ್ಧತಿಯಲ್ಲಿ ಸಾಧ್ಯವಿರುವ ಒಟ್ಟು ವಿಳಾಸಗಳು 4294967296. ನಮ್ಮ ಸಂಖ್ಯೆ ಎರಡರ ಪದ್ಧತಿಯಲ್ಲಿ 1, ಅದರ ನಂತರ 31 ಸೊನ್ನೆ, ಕೊನೆಗೆ 1. ಅದನ್ನು 32 ಬಿಟ್‌ಗಳ ಜಾಗದಲ್ಲಿ ತುರುಕಿದರೆ ಎಡಗಡೆಯ 1 ಕಳೆದುಹೋಗಿ ಬರಿಯ 1 ಉಳಿಯುತ್ತದೆ. ಶೇಷದ ಪರೀಕ್ಷೆಗೆ ಪ್ರೋಗ್ರಾಂ ಬರೆಯುವವರು 64 ಬಿಟ್‌ನ ಸಂಖ್ಯೆಗಳನ್ನು ಬಳಸಬೇಕು.

ಕೈವಾರ ಮತ್ತು ಅಳತೆಪಟ್ಟಿಯ ಕಥೆ

1796ರಲ್ಲಿ, ಇನ್ನೂ ಹತ್ತೊಂಬತ್ತು ತುಂಬದ ಗಾಸ್, 17 ಬಾಹುಗಳ ನಿಯಮಿತ ಬಹುಭುಜಾಕೃತಿಯನ್ನು ಕೈವಾರ ಮತ್ತು ಗುರುತಿಲ್ಲದ ಅಳತೆಪಟ್ಟಿಯಿಂದ ರಚಿಸಬಹುದೆಂದು ಕಂಡುಹಿಡಿದ. ಬಾಹುಗಳ ಸಂಖ್ಯೆ ಬೆಸವಾಗಿದ್ದರೆ ಅದು ಬೇರೆ ಬೇರೆ ಅವಿಭಾಜ್ಯ ಫರ್ಮಾ ಸಂಖ್ಯೆಗಳ ಗುಣಲಬ್ಧವಾಗಿರಬೇಕು. ಬೇರೆ ಯಾವುದಕ್ಕೂ ಇದು ಆಗದೆಂದು 1837ರಲ್ಲಿ ವಾಂಟ್ಸೆಲ್ ಸಾಧಿಸಿದ. ಗೊತ್ತಿರುವ ಅಂಥ ಅವಿಭಾಜ್ಯಗಳು 3, 5, 17, 257, 65537 ಈ ಐದೇ. ಐದರಿಂದ ಬೇಕಾದಷ್ಟನ್ನು ಆರಿಸಿ ಗುಣಿಸಿದರೆ 31 ಸಂಖ್ಯೆಗಳು ಸಿಗುತ್ತವೆ, ಅವುಗಳಲ್ಲಿ ಅತಿದೊಡ್ಡದು ಐದನ್ನೂ ಗುಣಿಸಿದ 4294967295. ನಮ್ಮ ಸಂಖ್ಯೆ ಅವಿಭಾಜ್ಯವಾಗಿದ್ದರೆ ಈ ಪಟ್ಟಿ ಒಮ್ಮೆಲೇ ಇಮ್ಮಡಿಗೂ ಮೀರಿ ಬೆಳೆಯುತ್ತಿತ್ತು. 65537 ಬಾಹುಗಳ ಆಕೃತಿಯ ರಚನೆಗೆ ಜರ್ಮನಿಯ ಹರ್ಮೆಸ್ ಹತ್ತು ವರ್ಷ ದುಡಿದು 1894ರಲ್ಲಿ ಮುಗಿಸಿದ ಹಸ್ತಪ್ರತಿ ಗಟ್ಟಿಂಗೆನ್‌ನಲ್ಲಿದೆ.

ಅದೇ ವಿಧಾನವನ್ನು ಮುಂದಿನ ಸಂಖ್ಯೆಗೆ ಬಳಸುವುದು

ಸಾಲಿನ ಮುಂದಿನ ಸಂಖ್ಯೆ 2⁶⁴ + 1, ಅಂದರೆ 18446744073709551617. ಚದುರಂಗದ ಮಣೆಯ ಮೇಲೆ ಮನೆಯಿಂದ ಮನೆಗೆ ಇಮ್ಮಡಿಸುತ್ತ ಕಾಳುಗಳನ್ನಿಡುವ ಕಥೆಯ ಒಟ್ಟು ಕಾಳುಗಳಿಗೆ 2 ಕೂಡಿಸಿದರೆ ಇದೇ ಬರುತ್ತದೆ. ಇದರ ಭಾಜಕಗಳು 256ರ ಮಗ್ಗಿಗೆ 1 ಕೂಡಿಸಿದ ರೂಪದಲ್ಲಿರಬೇಕು. ಈ ಸಲ ಅದೃಷ್ಟ ಅಷ್ಟು ಬೇಗ ಒಲಿಯುವುದಿಲ್ಲ: ಮೊದಲ ಭಾಜಕ ಸಿಗುವುದು 256ರ 1071ನೆಯ ಪಟ್ಟಿನಲ್ಲಿ, 274177. 1880ರಲ್ಲಿ ಫ್ರಾನ್ಸಿನ ಲಾಂಡ್ರಿ ಈ ಅಪವರ್ತನವನ್ನು ಪ್ರಕಟಿಸಿದ. ಇನ್ನೊಂದು ತುಂಡು 67280421310721. ಸಾಲನ್ನು ಸೊನ್ನೆಯಿಂದ ಎಣಿಸಿದರೆ 5ನೆಯದರಿಂದ 32ನೆಯದರವರೆಗೆ ಎಲ್ಲವೂ ಒಡೆಯುವ ಸಂಖ್ಯೆಗಳೆಂದು ಈಗ ಗೊತ್ತಿದೆ. ಆರನೆಯ ಅವಿಭಾಜ್ಯ ಇದುವರೆಗೆ ಯಾರಿಗೂ ಸಿಕ್ಕಿಲ್ಲ.

ಹುಡುಕುವುದು ಕಷ್ಟವಾದರೂ 274177 ಭಾಜಕವೇ ಎಂದು ತಾಳೆ ನೋಡುವುದು ಕೈಯಲ್ಲೇ ಆಗುವ ಕೆಲಸ. 2³² ಎಷ್ಟೆಂದು ಗೊತ್ತಿದೆ. 4294967296ನ್ನು 274177ರಿಂದ ಭಾಗಿಸಿದರೆ ಶೇಷ 258768, ಅಂದರೆ −15409. ಇದನ್ನು ವರ್ಗ ಮಾಡಿದರೆ 237437281. ಈಗ 274177ನ್ನು 866ರಿಂದ ಗುಣಿಸಿ: 237437282.